ಬೀಗ ಹಾಕಿದ ಪ್ರಶ್ನೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದವರಿಗೆ ಮುಂದಿನ ಕೋಣೆಯ ಕುರ್ಚಿ ಕಾಣುತ್ತದೆ, ಕಣ್ಣು ಕುಕ್ಕುವ ದೀಪ ಕಾಣುತ್ತದೆ, ಹಿಂದಿನ ಕೋಣೆ ಕಾಣುವುದಿಲ್ಲ. ಕಂಡರೂ ಬಾಯಿ ತೆರೆದು ಮಲಗಿದವರಿಗೆ ಅದನ್ನು ನೋಡುವ ಪುರಸೊತ್ತು ಎಲ್ಲಿರುತ್ತದೆ? ಆ ಹಿಂದಿನ ಕೋಣೆಯಲ್ಲಿ, ಗಾರೆ ಕೆಲಸದವನ ಹಾಗೆ ಮೈಯೆಲ್ಲ ಬಿಳಿ ಧೂಳು ಮಾಡಿಕೊಂಡು, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದವನ ಕಥೆ ಇದು. ಸುತ್ತಮುತ್ತಲಿನ ಎಷ್ಟೋ ಮುದುಕರು ಅವನು ಕಟ್ಟಿದ ಹಲ್ಲಿನಲ್ಲೇ ನಗುತ್ತಿದ್ದರು. ಅವನು ಮಾತ್ರ ನಗುವ ವಿಷಯದಲ್ಲಿ ಮಹಾ ಜಿಪುಣ.

ಹೊಟ್ಟೆಪಾಡು ಹಲ್ಲಿನದಾದರೂ ಅವನ ಜೀವವಿದ್ದದ್ದು ಗಡಿಯಾರದಲ್ಲಿ. ಕೈಗೆ ಕಟ್ಟುವುದಲ್ಲ, ಗೋಡೆಗೆ ನೇತುಹಾಕಿ, ಚಾವಿ ಕೊಟ್ಟು, ಲೋಲಕ ತೂಗಾಡಿಸಿ ನಡೆಸುವ ಮರದ ಪೆಟ್ಟಿಗೆಯ ಹಳೇ ಗಡಿಯಾರ. ಇಂಥ ಹುಚ್ಚಿನವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಹಾಗಾಗಿ ಅವನೂ, ಅವನು ಎಂದೂ ಮುಖ ನೋಡದ ಬೇರೆ ಊರಿನ ಒಬ್ಬ ಮುದುಕನೂ ಸೇರಿ ಅಂತರ್ಜಾಲದಲ್ಲಿ ಒಂದು ಗುಂಪು ಕಟ್ಟಿದರು. ಮುದುಕ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಗುಂಪಿನಲ್ಲಿ ಅವನ ಹೆಸರು ಚಾವಿ ತಾತ. ಇವನು ಎಲ್ಲರ ತಪ್ಪು ತಿದ್ದುತ್ತಿದ್ದನಾದ್ದರಿಂದ ಇವನಿಗೆ ಮೇಷ್ಟ್ರು ಎಂಬ ಬಿರುದು ಬಂತು. ಶಿಶುವಿಹಾರದಲ್ಲಿ ಟೀಚರಾಗಿದ್ದ ಇವನ ಹೆಂಡತಿಗೆ ಇದನ್ನು ಕೇಳಿ ನಗುವೋ ನಗು.

"ದಿನಾ ಮಕ್ಕಳ ಮೂಗು ಒರೆಸೋಳು ನಾನು, ಮೇಷ್ಟ್ರು ಅನ್ನಿಸಿಕೊಳ್ಳೋರು ನೀವು," ಎನ್ನುತ್ತಿದ್ದಳು. ಗುಂಪಿಗೆ ಅವಳಿಟ್ಟ ಹೆಸರು ಸವತಿ. "ಏನಂತಾಳ್ರೀ ನನ್ನ ಸವತಿ ಇವತ್ತು?"

ಸವತಿಯ ಮನೆ ಆಗ ಸಂತೆಯ ಹಾಗಿತ್ತು. ಅಜ್ಜನ ಕಾಲದ ಗಡಿಯಾರ ಅಟ್ಟದಿಂದ ಇಳಿಸಿದವರೆಲ್ಲ ಅಲ್ಲಿಗೆ ಬರುತ್ತಿದ್ದರು, ಬಂದವರಲ್ಲಿ ಹೆಚ್ಚಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಸ್ವಲ್ಪ ಹೊತ್ತು ನಡೆದು ನಿಂತುಬಿಡುತ್ತೆ, ಯಾಕೆ? ಕಾರಣವೂ ಸಾಮಾನ್ಯವಾಗಿ ಒಂದೇ. ಪೆಟ್ಟಿಗೆ ಗೋಡೆಯ ಮೇಲೆ ಕೊಂಚ ವಾಲಿರುತ್ತದೆ. ಟಿಕ್ ಮತ್ತು ಟಾಕ್‌ಗಳ ನಡುವಿನ ಅಂತರ ಸಮವಾಗಿ ಕೇಳುವವರೆಗೆ ಅದನ್ನು ಒಂದು ಕೂದಲೆಳೆಯಷ್ಟು ಸರಿಸಿದರೆ ಸಾಕು. ಚಾವಿ ತಾತ ಇದನ್ನೇ ಪ್ರತಿಸಲವೂ ಹೊಸದಾಗಿ ಹೇಳುತ್ತಿದ್ದ. ಹೇಳುವ ದಾರಿಯಲ್ಲಿ ತನ್ನ ಮಂಡಿನೋವು, ಪಕ್ಕದ ಮನೆಯ ಬೆಕ್ಕು, ಲಿಫ್ಟಿನಲ್ಲಿ ಹುಟ್ಟಿದ ಮಗು ಎಲ್ಲ ಬರುತ್ತಿದ್ದವು. ಕೇಳಿದವರು ಗಡಿಯಾರ ಸರಿಯಾದ ಮೇಲೂ ಹೋಗದೆ ಅಲ್ಲೇ ಕೂತುಬಿಡುತ್ತಿದ್ದರು.

ಮೇಷ್ಟ್ರಿಗೆ ಇದು ಕಣ್ಣಲ್ಲಿ ಬಿದ್ದ ಕಸ. ಕ್ಲಿನಿಕ್ಕಿನಲ್ಲಿ ಒಂದು ಬಾಯಿಗೆ ಮಾಡಿದ ಹಲ್ಲು ಇನ್ನೊಂದು ಬಾಯಿಗೆ ಆಗುವುದಿಲ್ಲ, ಪ್ರತಿಯೊಂದನ್ನೂ ಮೊದಲಿಂದ ಮಾಡಬೇಕು. ಇಲ್ಲಾದರೂ ಒಮ್ಮೆ ಮಾಡಿದ್ದು ಎಲ್ಲರಿಗೂ ಆಗಲಿ ಎಂದು ಅವನ ಆಸೆ. ಹಾಗಾಗಿ ಒಂದು ನಿಯಮ ತಂದ: ಉತ್ತರ ಸಿಕ್ಕ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಕೂಡದು. ಕೇಳಿದರೆ ಹಳೆಯ ಉತ್ತರದ ಕೊಂಡಿ ಹಾಕಿ, "ಕೇಳುವ ಮೊದಲು ಹುಡುಕಿ" ಎಂದು ಬರೆದು ಪ್ರಶ್ನೆಗೆ ಬೀಗ ಜಡಿಯುವುದು. ಬೀಗ ಬಿದ್ದ ಮೇಲೆ ಅದರ ಕೆಳಗೆ ಯಾರೂ ಒಂದಕ್ಷರ ಬರೆಯುವ ಹಾಗಿಲ್ಲ. ಹಲ್ಲಿನ ಅಚ್ಚು ಆರುವವರೆಗೆ ಕಾಯುವ ಹೊತ್ತಿನಲ್ಲಿ ಅವನಿಗೆ ಇದೇ ಕೆಲಸವಾಯಿತು. ತಾತನ ಹರಟೆಯನ್ನೂ ಗುಡಿಸಿ ಹಾಕಿದ. "ಗಡಿಯಾರದ ವಿಷಯ ಬಿಟ್ಟು ಬೇರೆ ಬೇಡ" ಎಂದು ಎಲ್ಲರೆದುರೇ ಬರೆದ.

"ಆಗಲಿ ಮೇಷ್ಟ್ರೇ," ಎಂದಷ್ಟೇ ತಾತ ಉತ್ತರ ಕೊಟ್ಟ. ಆಮೇಲೆ ಅವನ ಬರಹ ಗಿಡ್ಡವಾಗುತ್ತಾ ಬಂತು, ಒಂದು ದಿನ ನಿಂತೇ ಹೋಯಿತು. ಮುನಿಸು, ಇಳಿದ ಮೇಲೆ ತಾನಾಗಿ ಬರುತ್ತಾನೆ ಎಂದುಕೊಂಡ ಮೇಷ್ಟ್ರು. ಇವನೇ ಮಾತಾಡಿಸಬಹುದಿತ್ತು, ಆದರೆ ಬಿಗುಮಾನ ಬಿಡಬೇಕಲ್ಲ.

ಗುಂಪು ಈಗ ಕನ್ನಡಿಯಷ್ಟು ಚೊಕ್ಕಟವಾಯಿತು. ಒಂದು ಪ್ರಶ್ನೆಗೆ ಒಂದೇ ಉತ್ತರ, ಎಲ್ಲವೂ ಹುಡುಕಿದ ತಕ್ಷಣ ಸಿಗುವ ಹಾಗೆ. ಸಿಗದಿದ್ದದ್ದು ಮನುಷ್ಯರು ಮಾತ್ರ. ಹೊಸಬರು ಒಮ್ಮೆ ಬಂದು, ಬೀಗ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಹೋದರು. ಹಳಬರಿಗೆ ಉತ್ತರ ಹೇಳಲು ಪ್ರಶ್ನೆಯೇ ಉಳಿಯಲಿಲ್ಲ. ನೋಡನೋಡುತ್ತಾ ಅಲ್ಲಿ ಹಾಳು ಸುರಿಯತೊಡಗಿತು.

ಮೇಷ್ಟ್ರು ಕಂಗಾಲಾದ. ಹೊರಗೆ ಹೇಳಿಕೊಳ್ಳದಿದ್ದರೂ, ಭೂಮಿಯ ಮೇಲೆ ಅವನನ್ನು ಅವನಾಗಿ ಬಲ್ಲವರು ಇದ್ದದ್ದು ಆ ಗುಂಪಿನಲ್ಲಿ ಮಾತ್ರ. ಕ್ಲಿನಿಕ್ಕಿನಲ್ಲಿ ಅವನು ಹಿಂದಿನ ಕೋಣೆಯವನು, ಅಷ್ಟೇ. ಗುಂಪು ಸತ್ತರೆ ತಾನು ಯಾರು ಎಂದು ನೆನೆದರೇ ಅವನಿಗೆ ಭಯವಾಗುತ್ತಿತ್ತು. ಒಳ್ಳೆಯ ಫೋಟೋಗೆ ಬಹುಮಾನವೆಂದ. ಎರಡು ಫೋಟೋ ಬಂದವು, ಒಂದು ಅವನದೇ. ಪುಟದ ಬಣ್ಣ ಬದಲಿಸಿದ, ಸದಸ್ಯರಿಗೆಲ್ಲ ಹುಟ್ಟುಹಬ್ಬದ ಶುಭಾಶಯ ತಾನಾಗಿ ಹೋಗುವ ಹಾಗೆ ಮಾಡಿದ. ಜಪ್ಪಯ್ಯ ಎಂದರೂ ಯಾರೂ ತುಟಿ ಬಿಚ್ಚಲಿಲ್ಲ.

ಒಂದು ಸಂಜೆ ಬಟ್ಟೆ ಮಡಚುತ್ತಿದ್ದ ಹೆಂಡತಿ ಅವನ ಜೋಲುಮುಖ ನೋಡಿದಳು.

"ರೀ, ನಮ್ಮ ಮಕ್ಕಳು ದಿನಾ ಅದೇ ಕೇಳ್ತಾವೆ. ಟೀಚರ್, ಮಳೆ ಯಾಕೆ ಬರುತ್ತೆ? ನಿನ್ನೆ ಹೇಳಿದ್ದೆ ಅಂತ ಅವಕ್ಕೂ ಗೊತ್ತು. ಮಳೆ ಕಟ್ಕೊಂಡು ಅವಕ್ಕೇನು? ನನ್ನ ಹತ್ರ ನಿಂತ್ಕೋಬೇಕು, ಅದಕ್ಕೆ ಕೇಳ್ತಾವೆ."

"ಇದು ಶಿಶುವಿಹಾರ ಅಲ್ಲ."

"ಹೌದಪ್ಪ. ಯಾರಾದ್ರೂ ಊಟ ಆಯ್ತಾ ಅಂತ ಕೇಳಿದ್ರೆ ನೀವು, ನಿನ್ನೇನೇ ಹೇಳಿದ್ದೀನಿ, ಹುಡುಕ್ಕೋ ಅನ್ನೋರು."

ಅವನು ಸಿಡುಕಿ ಎದ್ದುಹೋದ. ಆದರೆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಬಿಡಲಿಲ್ಲ. ಮರುದಿನ ಮೇಣ ಕರಗಿಸುವಾಗ ಅವನಿಗೆ ನಿಚ್ಚಳವಾಯಿತು: ಬೇಕಾದದ್ದು ಬಹುಮಾನವಲ್ಲ, ತಾತ. ಅದೇ ಮಾತನ್ನು ನೂರಾರು ಸಲ ಬೇಸರವಿಲ್ಲದೆ ಹೇಳುವ ಆ ವಾಚಾಳಿ ಮುದುಕ. ಕೈಕಾಲು ಹಿಡಿದಾದರೂ ಅವನನ್ನು ಕರೆತರಬೇಕು. ಹಿಂದೊಮ್ಮೆ ತಾತ ಒಂದು ಸ್ಪ್ರಿಂಗನ್ನು ಅಂಚೆಯಲ್ಲಿ ಕಳಿಸಿದ್ದ. ಆ ಡಬ್ಬಿಯ ಮೇಲೆ ಫೋನ್ ನಂಬರಿತ್ತು.

ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದಾಗ ಫೋನ್ ಮಾಡಿದ. ಎತ್ತಿದ್ದು ಹೆಂಗಸು.

"ತಾತ ಇದ್ದಾರಾ? ನಾನು ಗಡಿಯಾರದ ಗುಂಪಿನಿಂದ..."

"ಮೇಷ್ಟ್ರಾ? ನಾನು ಅವರ ಮಗಳು. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತಲ್ಲ."

"ನಮಗೆ ಗೊತ್ತೇ ಆಗಲಿಲ್ಲ. ಒಂದು ಮಾತು ಹೇಳಬಾರದಿತ್ತೇನಮ್ಮ?"

"ಹೇಳಿದ್ನಲ್ಲ. ಗುಂಪಲ್ಲೇ ಬರೆದಿದ್ದೆ. ನೀವು ಬೀಗ ಹಾಕಿದ್ರಿ."

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಅವನ ಬಾಯಿಂದ ಹೊರಟದ್ದು ಮಾತ್ರ ಬೇರೆ ಪ್ರಶ್ನೆ: "ನನ್ನ ಮೇಲೆ ಕೋಪ ಇತ್ತಾ ಅವರಿಗೆ?"

"ಕೋಪ ಎಲ್ಲಿ ಬಂತು? ಮೇಷ್ಟ್ರು ಒರಟು, ಆದ್ರೆ ಮನೆ ಕಾಯೋರು ಅವರೇ ಅಂತಿದ್ರು. ಬರೀ ಗಡಿಯಾರದ್ದು ಬರೀರಿ ಅಂದ್ರಲ್ಲ, ಅದೊಂದೇ ಆದ್ರೆ ಅಪ್ಪನಿಗೆ ಹೇಳೋಕೆ ಏನೂ ಉಳಿದಿರ್ಲಿಲ್ಲ."

ಫೋನಿಟ್ಟು ಅವನು ಹುಡುಕಿದ. ಸಿಕ್ಕಿತು, ಹುಡುಕಿದ್ದೆಲ್ಲ ತಕ್ಷಣ ಸಿಗುವ ಹಾಗೆ ಮಾಡಿಟ್ಟವನು ಅವನೇ ತಾನೆ? ಮೇಲಿನ ಸಾಲು: "ಗಡಿಯಾರ ಸ್ವಲ್ಪ ಹೊತ್ತು ನಡೆದು ನಿಲ್ಲುತ್ತೆ." ಅಂದು ಅವನು ಓದಿದ್ದು ಅಷ್ಟನ್ನೇ. ಕೆಳಗೆ ಅವಳು ಬರೆದಿದ್ದಳು: "ಅಪ್ಪ ಹೋದ ವಾರ ತೀರಿಕೊಂಡ್ರು. ಇಲ್ಲಿ ಅವರನ್ನ ಚಾವಿ ತಾತ ಅಂತಿದ್ರಿ. ಅವರನ್ನ ಕೋಣೆಯಿಂದ ಹೊರಗೆ ತರುವಾಗ ಯಾರದೋ ಭುಜ ಗಡಿಯಾರಕ್ಕೆ ತಗುಲಿತು. ಆಮೇಲೆ ಚಾವಿ ಕೊಟ್ಟರೂ ನಿಂತುಹೋಗುತ್ತೆ. ಏನು ಮಾಡಲಿ? ಅಪ್ಪ ದಿನಾ ನಿಮ್ಮೆಲ್ಲರ ಸುದ್ದಿ ಹೇಳೋರು." ಅದರ ಕೆಳಗೆ ಮೇಷ್ಟ್ರ ಉತ್ತರ. ಕೇಳುವ ಮೊದಲು ಹುಡುಕಿ. ಕೊಂಡಿ ಒತ್ತಿದ. ತೆರೆದುಕೊಂಡದ್ದು ತಾತನೇ ಎಂದೋ ಬರೆದಿದ್ದ ಉತ್ತರ, ಬೆಕ್ಕನ್ನೂ ಮಂಡಿಯನ್ನೂ ಕತ್ತರಿಸಿದ ಮೇಲೆ ಉಳಿದ ನಾಲ್ಕು ಸಾಲು. ಕತ್ತರಿಸಿದವನು ಇವನೇ. ಅಪ್ಪನನ್ನು ಕಳೆದುಕೊಂಡು ಬಂದವಳ ಕೈಗೆ ಅವನು ಕೊಟ್ಟು ಕಳಿಸಿದ್ದು ಅದನ್ನು.

ಧೂಳು ಮೆತ್ತಿದ ಕೈಯಲ್ಲೇ ಅವನು ಮುಖ ಮುಚ್ಚಿಕೊಂಡ. ಊಟ ಮುಗಿಸಿ ಬಂದ ಡಾಕ್ಟರು, "ಏನಯ್ಯಾ, ಮುಖಕ್ಕೂ ಅಚ್ಚು ತೆಗಿತಿದ್ದೀಯಾ?" ಎಂದು ನಕ್ಕು ಮುಂದಿನ ಕೋಣೆಗೆ ಹೋದರು.

ಆ ಸಂಜೆ ಅವನು ಬೀಗ ತೆಗೆದ, ಅದೊಂದರದ್ದಲ್ಲ, ಎಲ್ಲದರದ್ದೂ. ತಾತ ಹೋದ ಸುದ್ದಿಯನ್ನೂ ಅದು ಯಾಕೆ ತಡವಾಯಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದ. ವಾರವಾದರೂ ಸದ್ದಿಲ್ಲ. ಆಮೇಲೆ ಒಬ್ಬ ಹಳಬ ಬಂದು, "ತಾತ ಬರ್ತಾರೆ ಅಂತ ನಾನೂ ಆಗಾಗ ಬಂದು ನೋಡಿ ಹೋಗ್ತಿದ್ದೆ" ಎಂದ. ಇನ್ನೊಬ್ಬರು ಇವನಿಗೆ ಸರಿಯಾಗಿ ನಾಲ್ಕು ಮಾತು ಅಂದು ಹೋದರು. ಗುಂಪು ಚಿಗುರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೋದವರಲ್ಲಿ ಹೆಚ್ಚಿನವರು ಹೋದವರೇ. ಬೀಗ ತೆಗೆದ ಮಾತ್ರಕ್ಕೆ ಮನೆಯೊಳಗೆ ಜನ ಬಂದುಬಿಡುತ್ತಾರೆಯೇ?

ರಜೆಯ ಬೆಳಿಗ್ಗೆ ಅವನು ಮತ್ತೆ ಅವಳಿಗೆ ಫೋನ್ ಮಾಡಿದ. "ಆ ಗಡಿಯಾರ ಈಗ...?"

"ಹಾಗೇ ಇದೆ. ನಿಂತೇ ಇದೆ."

"ಫೋನನ್ನ ಅದರ ಹತ್ರ ಹಿಡೀಮ್ಮ. ಚಾವಿ ಕೊಟ್ಟು, ಲೋಲಕ ಒಂದು ಸಲ ತೂಗಿಬಿಡು."

ಟಿಕ್, ಟಾಕ್. ಟಿಕ್, ಟಾಕ್. ಕುಂಟುವವನ ನಡಿಗೆಯ ಹಾಗೆ ಒಂದು ಉದ್ದ, ಒಂದು ಗಿಡ್ಡ. "ಕೆಳಗಿನ ಮೂಲೆ ಹಿಡಿದು ಎಡಕ್ಕೆ ಸರಿಸು. ಜಾಸ್ತಿ ಆಯ್ತು. ಒಂಚೂರು ಹಿಂದಕ್ಕೆ. ಅಷ್ಟೇ, ಕೈ ಬಿಡು."

ಸದ್ದು ಸಮವಾಯಿತು. ಇಬ್ಬರೂ ಅದನ್ನು ಕೇಳುತ್ತಾ ನಿಂತರು. ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿತ್ತು, ಇನ್ನು ಫೋನ್ ಇಡಬೇಕು. ಇಂಥ ಹೊತ್ತಿನಲ್ಲಿ ಇಡುವುದೇ ಅವನ ಜಾಯಮಾನ. ಅವಳು ಅಳುತ್ತಿದ್ದಳೋ ಏನೋ, ಉಸಿರು ತಡೆತಡೆದು ಬರುತ್ತಿತ್ತು. ಅವನು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಏನೂ ಹೇಳಿಕೊಡಲಿಲ್ಲ.

"ಅಮ್ಮಾ," ಎಂದ ಅವನು, "ತಾತನ ಪಕ್ಕದ ಮನೆಯಲ್ಲಿ ಒಂದು ಬೆಕ್ಕಿತ್ತಲ್ಲ, ಅದು ಹೇಗಿದೆ?"