ಅವತ್ತು ಮನೆಯಲ್ಲಿ ನಾನಿದ್ದೆ

ಕಮಲಾ, ನಿನ್ನ ಗಂಡ ಈ ಮನೆಯವನಲ್ಲ ಎಂದು ಪೊಲೀಸನಿಗೆ ಹೇಳಿದವಳು ನಾನು. ಪಕ್ಕದ ಮನೆಯಲ್ಲಿದ್ದ ದಾವಲಸಾಬ ಅಲ್ಲ. ಅವನ ಬಾಯಿಂದ ಅಂಥ ಒಂದು ಮಾತೂ ಬಂದಿರಲಿಲ್ಲ. ನಾನೇ — ನೀನು ಇಂದಿಗೂ ಅಕ್ಕಾ ಎಂದು ಕರೆಯುವ, ನಿನ್ನ ಎರಡೂ ಬಾಣಂತನ ಮಾಡಿದ ಈ ಶಾಂತವ್ವ.

ಇಸವಿ ಎಂಬತ್ತನಾಲ್ಕೋ ಎಂಬತ್ತೈದೋ, ಸರಿಯಾಗಿ ನೆನಪಿಲ್ಲ. ನೀನು ಗುಡಗೇರಿಯಿಂದ ನನ್ನ ಮೈದುನ ಬಸವರಾಜನ ಕೈಹಿಡಿದು, ನನ್ನ ನೆಗೆಣ್ಣಿಯಾಗಿ ನಮ್ಮ ಶಲವಡಿ ಮನೆಗೆ ಬಂದು ಎರಡು ವರ್ಷ ಆಗಿತ್ತು. ಬಸವರಾಜ ದುಬೈಯಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದ. ಅವನು ತಂದ ಸೀರೆ, ಅತ್ತರು, ಕೈಗಡಿಯಾರ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ನೀನು ಅಂದುಕೊಂಡೀಯೆ. ಅಲ್ಲ. ಸೀರೆ ನನಗೂ ತರುತ್ತಿದ್ದ. ನನ್ನನ್ನು ಸುಟ್ಟದ್ದು ಆ ಕ್ಯಾಸೆಟ್ಟುಗಳು.

ಊರಿಗೆ ಬರುವವರ ಕೈಯಲ್ಲಿ ಅವನು ತನ್ನ ಮಾತು ತುಂಬಿದ ಕ್ಯಾಸೆಟ್ಟು ಕಳಿಸುತ್ತಿದ್ದನಲ್ಲ — ಮೊದಲ ಬಾಜು ಎಲ್ಲರಿಗೆ, ಎರಡನೆಯ ಬಾಜು ನಿನಗೆ. ನೀನು ಟೇಪ್ ರೆಕಾರ್ಡರನ್ನು ಒಳಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿದ್ದೆ. ನಾನು ಈಚೆಗೆ ಕೂತು ಜೋಳ ಹಸನು ಮಾಡುತ್ತ ಕಿವಿ ಕೊಡುತ್ತಿದ್ದೆ. ಇದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದೇನು. ಬೆಳಗ್ಗೆ ಏನು ತಿಂದೆ, ಎಷ್ಟು ಬಿಸಿಲಿತ್ತು, ಯಾರು ಏನೆಂದರು — ಎಲ್ಲ ಹೇಳುತ್ತಿದ್ದ. ನಡುನಡುವೆ ಕಮಲಾ, ಕಮಲಾ. ಒಳಗೆ ನೀನೊಬ್ಬಳೇ ನಗುತ್ತಿದ್ದೆ.

ನಿನ್ನ ಭಾವ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಕೆಟ್ಟವರಲ್ಲ, ಹೊಡೆಯಲಿಲ್ಲ, ಬಡಿಯಲಿಲ್ಲ. ಹೊಲದಿಂದ ಬಂದರೆ “ನೀರ ಕೊಡು”, ಉಂಡಮೇಲೆ “ದೀಪಾ ಸಣ್ಣ ಮಾಡು”. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಜೊತೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಬಾಜು ತುಂಬುತ್ತಿತ್ತೋ ಇಲ್ಲವೋ — ಹಾಗೆಂದು ಯೋಚಿಸುತ್ತಿದ್ದೆ. ಗಂಡ ಎದುರಿಗಿದ್ದೂ ನನಗೆ ಮಾತಿಲ್ಲ, ಸಮುದ್ರದಾಚೆ ಇದ್ದೂ ನಿನಗಿದೆ...

ಆ ವರ್ಷ ಅವನ ಪಾಸ್‌ಪೋರ್ಟಿನ ಅವಧಿ ಮುಗಿಯಲು ಬಂದಿತ್ತು. ಅದನ್ನು ಅಲ್ಲಿಯೇ, ನಮ್ಮ ದೇಶದ ಕಾನ್ಸುಲೇಟಿನಲ್ಲಿ ಹೊಸದು ಮಾಡಿಸಬೇಕು. ಹೊಸದು ಕೈಗೆ ಬಂದರೆ ಕಂಪನಿಯವರು ಸಂಸಾರದ ಮನೆ ಕೊಡುತ್ತಾರೆ, ನಿನ್ನನ್ನು ಕರೆಸಿಕೊಳ್ಳಬಹುದು. ಎಲ್ಲರ ಬಾಜುವಿನಲ್ಲಿಯೇ ಹೇಳಿದ್ದ: “ಊರಿಗೆ ಪೊಲೀಸರು ಕೇಳಾಕ ಬರ್ತಾರ. ಹೌದ್ರಿ, ಈ ಮನ್ಯಾಂವನ ಅಂತ ಹೇಳ್ರಿ. ಅಷ್ಟ ಸಾಕು.” ಎಲ್ಲರ ಜೊತೆ ನಾನೂ ತಲೆ ಆಡಿಸಿದ್ದೆ.

ಅದರ ಎರಡನೆಯ ಬಾಜುವನ್ನೂ ಕೇಳಿದೆ. “ನೀ ಬಂದಮ್ಯಾಲೆ ದಿನಾ ಸಂಜೀಕ ಸಮುದ್ರದ ದಂಡಿಗುಂಟ ಅಡ್ಡಾಡಾಕ ಹೋಗೂಣು. ಬರೇ ನಾವಿಬ್ಬರ.” ನಿನ್ನ ಟ್ರಂಕು ಆಗಲೇ ಅರ್ಧ ತುಂಬಿತ್ತು.

ಹತ್ತಿ ಬಿಡಿಸುವ ದಿನಗಳು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ನೀನು ಹೊಲಿಯಲು ಕೊಟ್ಟ ಕುಪ್ಪಸ ತರಲು ಅಣ್ಣಿಗೇರಿಗೆ ಹೋಗಿದ್ದೆ. ತಲೆ ನೋಯುತ್ತದೆಂದು ನಾನೊಬ್ಬಳೇ ಹಿಂದೆ ಉಳಿದಿದ್ದೆ. ಮಧ್ಯಾಹ್ನ ಪೊಲೀಸ ಸೈಕಲ್ ಮೇಲೆ ಬಂದ. ವಯಸ್ಸಾದವನು, ಬೆವರಿದ್ದ. ನೀರು ಕೊಟ್ಟೆ.

“ಬಸವರಾಜ ಅನ್ನಾಂವ ಇದ ಮನ್ಯಾಂವೇನವಾ?”

ಹೌದ್ರಿ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಕಣ್ಣ ಮುಂದೆ ನೀವಿಬ್ಬರೂ ನಡೆದು ಹೋಗುತ್ತಿದ್ದಿರಿ, ನಾನು ಎಂದೂ ಕಾಣದ ಸಮುದ್ರದ ದಂಡೆಯ ಮೇಲೆ — ಮಾತಾಡುತ್ತ, ಮಾತಾಡುತ್ತ...

“ಮನಿ ಬಿಟ್ಟು ಹೋಗಿ ಬಾಳ ವರ್ಷ ಆತ್ರಿ,” ಎಂದೆ. “ಎಲ್ಲಿ ಇದ್ದಾನೋ ಏನೋ, ನಮಗೇನೂ ಗೊತ್ತಿಲ್ರಿ. ನಮಗೂ ಅವಗೂ ಸಂಬಂಧ ಇಲ್ಲ.”

ಅವನು ನನ್ನನ್ನು ಒಂದು ಗಳಿಗೆ ನೋಡಿದ. “ಖರೇನವಾ?”

“ಖರೇರಿ.”

ಹೋಗುವಾಗ ಬಾಜೂ ಮನೆಯ ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿ ದಾವಲಸಾಬನ ಜೊತೆ ಏನೋ ಮಾತಾಡಿದ. ಬಳಿಕ ಹೊರಟುಹೋದ. ಸಂಜೆ ನೀವೆಲ್ಲ ಬಂದಾಗ ನಾನು ಪೊಲೀಸ ಬಂದದ್ದನ್ನು ಹೇಳಲಿಲ್ಲ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕ್ಯಾಸೆಟ್ಟಿನಲ್ಲಿ ಅವನ ದನಿ ಇಳಿಯುತ್ತ ಹೋಯಿತು — ಹೋದಾಗೊಮ್ಮೆ ಮುಂದಿನ ವಾರ ಬಾ ಅನ್ನುತ್ತಾರೆ, ಊರಿನ ವರದಿ ಸರಿ ಇಲ್ಲ ಅನ್ನುತ್ತಾರೆ. ನೀನು ನನ್ನನ್ನೇ ಕೇಳುತ್ತಿದ್ದೆ: “ಯಕ್ಕಾ, ನಾ ಇಲ್ಲದಾಗ ಯಾರರ ಬಂದಿದ್ರೇನು?” ಇಲ್ಲವಾ ಎನ್ನುತ್ತಿದ್ದೆ. ಒಂದು ದಿನ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ನಿನ್ನ ಕೂದಲಲ್ಲಿ ಕೈಯಾಡಿಸಿದೆ. ಆಗ ನನ್ನೊಳಗೆ ಸಮಾಧಾನವಾಯಿತು. ಈಗ ನಾವಿಬ್ಬರೂ ಸರಿಸಮ ಎನ್ನಿಸಿತು.

ನಿನ್ನ ಭಾವ ಧಾರವಾಡಕ್ಕೆ ಅಲೆದಾಡಿ ಮತ್ತೊಮ್ಮೆ ವಿಚಾರಣೆ ಮಾಡಿಸಿದರು. ಪಾಸ್‌ಪೋರ್ಟ್ ಬಂತು, ಆದರೆ ಸಂಸಾರದ ಮನೆ ಅಷ್ಟರಲ್ಲಿ ಬೇರೊಬ್ಬನ ಪಾಲಾಗಿತ್ತು. ಮುಂದೆ ಅದು ಸಿಗಲೇ ಇಲ್ಲ. ಬಸವರಾಜ ರಜೆಯ ಮೇಲೆ ಬಂದವನು ಪಡಸಾಲೆಯಲ್ಲಿ ಕೂತು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ:

“ಕಾನ್ಸುಲೇಟಿನ ಕಿಡಕ್ಯಾಗಿನಾಂವ ಅಂದಾ ವೈನಿ, ನಿಮ್ಮ ಮನಿ ಅಂತ ನೀವು ಬರದ ಜಾಗಾದಾಗ ನಿಮ್ಮನ್ನ ಯಾರೂ ಅರಿಯೂದಿಲ್ಲಂತ. ಹಿಂದ ಸಾಲಿನ್ಯಾಗ ಮಂದಿ ನಿಂತಿದ್ರು. ನಾ ಅಲ್ಲೇ ಸಣ್ಣ ಹುಡುಗನಂಗ ಅತ್ತಬಿಟ್ಟೆ.”

ನಾನು ಅವನಿಗೆ ಚಹಾ ಸೋಸಿ ಕೊಡುತ್ತಿದ್ದೆ. ಆಗಲಾದರೂ...

ಅಷ್ಟರಲ್ಲಿ ಅತ್ತೆ ನೆನಪಿಸಿಕೊಂಡರು — ಹತ್ತಿ ಬಿಡಿಸುವಾಗ ದಾವಲಸಾಬನ ಕಟ್ಟೆಯ ಮುಂದೆ ಪೊಲೀಸ ನಿಂತದ್ದನ್ನು ಯಾರೋ ನೋಡಿದ್ದರಂತೆ. ಬಚ್ಚಲ ನೀರಿನ ಸಲುವಾಗಿ ಅದಕ್ಕೆ ಸ್ವಲ್ಪ ಮೊದಲೇ ಅವನಿಗೂ ನಮಗೂ ಜಗಳವಾಗಿತ್ತು. ಅಷ್ಟು ಸಾಕಾಯಿತು. ಅಣ್ಣ ತಮ್ಮ ಇಬ್ಬರೂ ಅವನ ಮನೆ ಮುಂದೆ ಹೋಗಿ ನಿಂತು ಬಾಯಿಗೆ ಬಂದದ್ದು ಅಂದರು. ಓಣಿಯೆಲ್ಲ ಕೂಡಿತ್ತು.

“ಅಲ್ಲಾನ ಆಣಿ,” ಎಂದ ದಾವಲಸಾಬ. “ಬೀಡಿ ಹಚ್ಚಾಕ ಕಡ್ಡಿಪೆಟ್ಟಿಗಿ ಕೇಳಿದಾ, ಕೊಟ್ಟೆ. ನಿಮ್ಮ ಸುದ್ದೀನ ತಗೀಲಿಲ್ಲ.”

ಯಾರೂ ನಂಬಲಿಲ್ಲ. ಆಗ ಅವನ ಹೆಂಡತಿ ಮಾಬೂಬಿ — ನಿನಗೂ ನನಗೂ ಶ್ಯಾವಿಗೆ ಹೊಸೆಯಲು ಕಲಿಸಿದವಳು — ನನ್ನ ಕಡೆ ತಿರುಗಿದಳು. “ಯಕ್ಕಾ, ಅವತ್ತ ನೀ ಮನ್ಯಾಗ ಇದ್ದೆಲ್ಲಾ. ನೀನ ಹೇಳು.”

ಎಲ್ಲರೂ ನನ್ನನ್ನು ನೋಡಿದರು. ನೀನೂ.

“ನಾ ಹೊಲಕ್ಕ ಹೋಗಿದ್ದೆ,” ಎಂದೆ. ಅಷ್ಟು ದಿನದ ಹಿಂದೆ ಯಾರು ಯಾವತ್ತು ಹೊಲದಲ್ಲಿದ್ದರೆಂದು ಮನೆಯವರಿಗೂ ನೆನಪಿರಲಿಲ್ಲ.

ಮಾಬೂಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಮೊದಲನೆಯ ಸುಳ್ಳು ಹೊಟ್ಟೆಕಿಚ್ಚಿನದು, ಕಮಲಾ. ಈ ಎರಡನೆಯದಕ್ಕೆ ಹೆಸರೇ ಸಿಗುವುದಿಲ್ಲ. ಅವರು ಮನೆ ಮಾರಿ ನವಲಗುಂದಕ್ಕೆ ಹೋದರು. ಹೊರಟ ದಿನ ಚಕ್ಕಡಿ ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಯಿತು. ನಾನು ಅಡುಗೆಮನೆ ಬಿಟ್ಟು ಹೊರಬರಲಿಲ್ಲ.

ಬಸವರಾಜ ಎರಡು ವರ್ಷಕ್ಕೊಮ್ಮೆ ಬಂದುಹೋಗುತ್ತ ತನ್ನ ಪ್ರಾಯ ಅಲ್ಲಿ ಕಳೆದ, ನೀನು ನಿನ್ನದನ್ನು ಇಲ್ಲಿ. ಕ್ಯಾಸೆಟ್ಟುಗಳು ಕಡಿಮೆಯಾಗಿ ಒಂದು ದಿನ ನಿಂತೇ ಹೋದವು. ಈಗ ಅವನು ತಿರುಗಿ ಬಂದಿದ್ದಾನೆ. ನೀವಿಬ್ಬರೂ ಎದುರುಬದುರು ಕೂತು ಆಡಲು ಮಾತು ಹುಡುಕುವುದನ್ನು ದಿನಾ ನೋಡುತ್ತೇನೆ. ನಾನು ಬಯಸಿದ್ದು ಅದೇ ಅಲ್ಲವೇ? ಬಯಸಿದ್ದು ಕೈಗೆ ಬಂದಾಗ ಅದರ ಮುಖ ನೋಡಲಾಗುತ್ತಿಲ್ಲ.

ಮೊನ್ನೆ ಮಾಬೂಬಿಯ ಮಗ ತಂಗಿಯ ಮದುವೆಗೆ ಕರೆಯಲು ಬಂದಿದ್ದ. ಹಳೆಯದನ್ನೆಲ್ಲ ಬಿಟ್ಟುಬಿಡೋಣ ಎಂದು ಅವನ ತಾಯಿಯೇ ಕಳಿಸಿದ್ದಳಂತೆ. ನೀನು ಅವನನ್ನು ಹೊಸ್ತಿಲಾಚೆಯಿಂದಲೇ ತಿರುಗಿಸಿ ಕಳಿಸಿದೆ, ಒಂದು ವಾಟಿ ನೀರೂ ಕೇಳದೆ. ನೀನು — ಭಿಕ್ಷೆಗೆ ಬಂದವರನ್ನೂ ಬರಿಗೈಯಲ್ಲಿ ಕಳಿಸದವಳು. ನಿನ್ನನ್ನು ಹಾಗೆ ಮಾಡಿದವಳೂ ನಾನೇ.

ಕ್ಷಮಿಸು ಎನ್ನಲು ನನಗೆ ಹಕ್ಕಿಲ್ಲ, ಕೇಳುವುದೂ ಇಲ್ಲ. ನಾಳೆಯೇ ಆ ಮದುವೆ, ಮೊದಲ ಬಸ್ಸಿಗೆ ನವಲಗುಂದಕ್ಕೆ ಹೋಗುತ್ತೇನೆ. ಮದುವೆಗೆಂದು ಬೀಗರೆಲ್ಲ ಕೂಡಿದಲ್ಲಿ, ದಾವಲಸಾಬನ ಎದುರು ನಿಂತು ಹೇಳುತ್ತೇನೆ. ನನ್ನನ್ನು ಹೊರಗೆ ಹಾಕಿದರೂ ಹೇಳಿ ಮುಗಿಸಿಯೇ ಹೊರಗೆ ಬರುತ್ತೇನೆ. ಬಸವರಾಜ ಈಗ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಅವನನ್ನು ಒಳಗೆ ಕರೆ, ಕಮಲಾ. ಇಷ್ಟನ್ನೂ ಅವನ ಮುಂದೆ ಇನ್ನೊಮ್ಮೆ ಹೇಳುತ್ತೇನೆ.