ಯಲ್ಲಾಪುರದ ‘ಬ್ರೆಜಿಲ್ ಕಲಾವಿದ’

ಮಂಜುನಾಥ ಸಿದ್ದಿಯವರೇ, ಆ ದಿನ ನಮ್ಮ ಶಾಲೆಯ ವೇದಿಕೆಯ ಮೇಲೆ ನಿಮ್ಮ ಬಾಯಿ ಕಟ್ಟಿದವಳು ನಾನೇ. ಹೆಡ್ಮಾಸ್ಟರಲ್ಲ.

ಒಂಬತ್ತು ವರ್ಷ ಅವರ ಹೆಸರನ್ನೇ ಹೇಳಿಕೊಂಡು ಬಂದೆ — ಗಂಡನ ಮುಂದೆ, ಸಹೋದ್ಯೋಗಿಗಳ ಮುಂದೆ, ಕೊನೆಗೆ ನನಗೆ ನಾನೇ. ನಿನ್ನೆ ಹಳೆಯ ಡೈರಿ ತೆಗೆದೆ. ವಾರ್ಷಿಕೋತ್ಸವಕ್ಕೆ ಎರಡು ವಾರ ಮೊದಲಿನ ಪುಟದಲ್ಲಿ ನನ್ನದೇ ಅಕ್ಷರ: ‘ಯಲ್ಲಾಪುರದ ಕಲಾವಿದ ಎಂದರೆ ಯಾರು ಬರುತ್ತಾರೆ? ಬ್ರೆಜಿಲ್ ಎಂದು ಬ್ಯಾನರ್ ಬರೆಸಬೇಕು. ಹೆಡ್ಮಾಸ್ಟರಿಗೆ ಹೇಳುವುದು ಬೇಡ.’ ಅವರಿಗೆ ಗೊತ್ತೇ ಇರಲಿಲ್ಲ! ಹಾಗಾದರೆ ಅವರು ಕುರ್ಚಿಗೆ ಒರಗಿ ‘ಫಾರಿನ್ನೋರು ಅನ್ರಿ’ ಎಂದ ಚಿತ್ರ — ಇಷ್ಟು ಸ್ಪಷ್ಟವಾಗಿ ನೆನಪಿರುವುದು — ಎಲ್ಲಿಂದ ಬಂತು?

ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ನ್ಯಾಮತಿಗೆ ನಿಮ್ಮನ್ನು ನನ್ನ ಸ್ಕೂಟರಿನಲ್ಲೇ ಕರೆತಂದೆ. ಹಿಂದೆ ಕೂತು, ಗಾಳಿಗೆ ಕೇಳದೆಂದು ಕೂಗಿ ಕೂಗಿ ಹೇಳಿದಿರಿ: ನೀವು ಅಂದು ಆಡಿ ತೋರಿಸಲಿದ್ದ ಕಪೊಯೆರಾ ಬೆಳೆದದ್ದು ಬ್ರೆಜಿಲ್‌ನಲ್ಲಿ, ಬೇರು ಆಫ್ರಿಕದ್ದು; ಹಡಗಿನಲ್ಲಿ ಕಟ್ಟಿ ಒಯ್ದ ಗುಲಾಮರು ಹೊಡೆದಾಟವನ್ನು ಒಡೆಯರ ಕಣ್ಣಿಗೆ ಕುಣಿತದಂತೆ ಕಾಣುವ ಹಾಗೆ ಮಾಡಿದರಂತೆ. ‘ನಮ್ಮ ಸಿದ್ದಿ ಹಿರಿಯರನ್ನೂ ಹಂಗೇ ಆಫ್ರಿಕದಿಂದ ಹಡಗಲ್ಲಿ ಗೋವಾಕ್ಕೆ ತಂದ್ರು, ಅಕ್ಕೋರೆ. ಅದೇ ಗೋವಾದಲ್ಲಿ ನಾನು ಇದನ್ನ ಕಲಿತೆ. ಆಟ ಮುಗಿದ ಮೇಲೆ ಐದು ನಿಮಿಷ ಮಕ್ಕಳಿಗೆ ಇದನ್ನ ಹೇಳ್ಬೇಕು. ಅದಕ್ಕೇ ಬಂದಿದ್ದು.’

ಶಾಲೆಯ ಗೇಟಿನಲ್ಲಿ ನೀವು ಬ್ಯಾನರ್ ಓದಿದಿರಿ. ನಾನು ಅಂದೆ: ‘ಇಲ್ಲಿ ಕನ್ನಡ ಮಾತಾಡಬೇಡಿ. ಇವತ್ತೊಂದು ದಿನ.’ ನೀವು ನಕ್ಕಿರಿ ಎಂದು ನೆನಪು. ಈಗ ಆ ನಗುವನ್ನೂ ನಾನು ನಂಬುವುದಿಲ್ಲ.

ನೀವು ಕೈಯೂರಿ ಕಾಲು ಬೀಸಿದಾಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: ‘ಏ ವೆಸ್ಟಿಂಡೀಸು, ಒಂದು ಸಿಕ್ಸರ್ ಹೊಡೀಲೇ!’ ಚಪ್ಪಾಳೆ, ನಗು. ಕೆಳಗಿಳಿದ ನಿಮ್ಮ ಬೆವರಿದ ಕೈಯನ್ನು ಸವಳಂಗದ ಅಜ್ಜಿಯೊಬ್ಬರು ಹಿಡಿದುಕೊಂಡರು. ಮೊಮ್ಮಗಳ ಕುಣಿತ ನೋಡಲು ಬಂದವರು. ‘ಎಷ್ಟು ದಣಿದೈತೆ ನೋಡವ್ವ ಕೂಸು. ಉಂಡೀಯೇನಪ್ಪ ಅಂತ ಇವ್ರ ಮಾತಲ್ಲಿ ಹೆಂಗೆ ಕೇಳಾದು?’ ನಿಮ್ಮ ತುಟಿ ತೆರೆಯಿತು. ನನ್ನನ್ನು ನೋಡಿದಿರಿ. ನಾನು — ನಾನು ಅದನ್ನು ನಿಮಗೆ ಇಂಗ್ಲಿಷಿನಲ್ಲಿ ಕೇಳಿದೆ. ನೀವು ತಲೆಯಾಡಿಸಿದಿರಿ.

‘ಪಾಪ, ಅರ್ಥ ಆತು’ ಎಂದರು ಅಜ್ಜಿ.

ಆ ಐದು ನಿಮಿಷ ನಿಮಗೆ ಸಿಗಲಿಲ್ಲ. ಕೊಟ್ಟಿದ್ದರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?

ಇದನ್ನು ಬರೆಯುತ್ತಿರುವವಳು ಸೂರಗೊಂಡನಕೊಪ್ಪದ ಪಕ್ಕದ ತಾಂಡಾದವಳು. ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಅಮ್ಮನ ಫೋನ್ ಬಂದರೆ, ನಮ್ಮ ಲಂಬಾಣಿ ಮಾತು ಯಾರ ಕಿವಿಗೂ ಬೀಳದಿರಲೆಂದು ಟೆರೇಸಿಗೆ ಓಡುತ್ತಿದ್ದವಳು. ಅಲ್ಲಿನ ಸಮಾರಂಭಗಳಲ್ಲಿ ಕನ್ನಡಿ ಕೂರಿಸಿದ ನಮ್ಮ ಲಂಗ ಉಡಿಸಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಮಾತಾಡಲು ಒಮ್ಮೆಯೂ ಕರೆಯಲಿಲ್ಲ. ಹಾಗೆ ನಿಲ್ಲುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ನಿಮ್ಮ ಫೋಟೊ ಶಾಲೆಯ ವರಾಂಡದಲ್ಲಿ ಇನ್ನೂ ಇದೆ, ಕೆಳಗೆ ‘ಬ್ರೆಜಿಲ್ ಕಲಾವಿದ’ ಎಂಬ ಬರಹ. ಸೋಮವಾರ ಪ್ರಾರ್ಥನೆಯಾದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನಿಮ್ಮ ಹೆಸರು, ನಿಮ್ಮ ಊರು, ನೀವು ಹೇಳಬೇಕೆಂದಿದ್ದ ಮಾತು — ಎಲ್ಲವನ್ನೂ ಹೇಳುತ್ತೇನೆ. ಅದೂ ನಿಮ್ಮ ಬದಲು ನಾನೇ ಮಾತಾಡಿದಂತಾಯಿತು, ತಿಳಿದಿದೆ. ‘ಯಾಕೆ ಹಂಗೆ ಮಾಡಿದ್ರಿ ಮೇಡಂ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.

ಕೇಳಲಿ.