ಸಿಂಪಿಗನ ಗೋಡೆಯ ಗೋಲುಗಳು

ನಾನು ಮದುವೆಯಾಗಿ ಲೋವರ್ ಪರೇಲಿನ ಚಾಳಿಗೆ ಬಂದ ವರ್ಷವೇ ಫುಟ್‌ಬಾಲ್ ಆಡುವವರೆಲ್ಲ ಬೂಟು ಹಾಕಿಕೊಳ್ಳಲೇಬೇಕೆಂದು ಕಾನೂನಾಯಿತು. ಈ ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ನನ್ನ ಯಜಮಾನರ ಗೋಲುಗಳು ನಿಂತುಹೋದಾಗ ಚಾಳಿನ ಗಂಡಸರು ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು.

ಯಜಮಾನರು ಒಂದು ಬಟ್ಟೆ ಗಿರಣಿಯ ತಂಡದಲ್ಲಿ ಮುಂದಿನ ಸಾಲಿನ ಆಟಗಾರರು. ಹೆಸರಿಗೆ ಗಿರಣಿಯ ಗೋದಾಮಿನಲ್ಲಿ ನೌಕರಿ. ಮಧ್ಯಾಹ್ನಕ್ಕೇ ಆಟದ ತಾಲೀಮಿಗೆ ಬಿಡುತ್ತಿದ್ದರು; ಗೋಲು ಹೊಡೆಯುತ್ತಿರುವವರೆಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಹೊಡೆಯದಿದ್ದರೆ ಹತ್ತಿ ಹಿಂಜುವ ಖಾತೆಗೆ ಹಾಕುವುದಾಗಿ ಮ್ಯಾನೇಜರ್ ಸಾಹೇಬರು ನಗುನಗುತ್ತಲೇ ಹೇಳಿದ್ದರಂತೆ. ಆ ಖಾತೆಯಲ್ಲಿ ದುಡಿದವರ ಕೆಮ್ಮು ನಮ್ಮ ಚಾಳಿನಲ್ಲಿ ಒಂದು ಖೋಲಿಯಿಂದ ಇನ್ನೊಂದು ಖೋಲಿಗೆ ಕೇಳಿಸುತ್ತಿತ್ತು.

ಕಾನೂನು ಬರುವ ಮೊದಲು ಅವರು ಬರಿಗಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದರು. ಕೆಸರಿನಲ್ಲಿ ಚೆಂಡು ಅವರ ಹೆಬ್ಬೆರಳಿನ ಮಾತು ಕೇಳುತ್ತಿತ್ತು ಎಂದು ಜನ ಹೇಳುತ್ತಿದ್ದರು. ಅದನ್ನು ನಾನು ನೋಡಿಲ್ಲ. ನಾನು ನೋಡಿದ್ದು ಬೂಟಿನಿಂದ ಹೊರಗೆ ಬಂದ ಕಾಲುಗಳನ್ನು. ಹಿಮ್ಮಡಿಯ ಚರ್ಮ ಸುಲಿದು ಕೆಂಪಗೆ ನೀರಾಡುತ್ತಿತ್ತು. ಕಿರುಬೆರಳ ಉಗುರು ಕಪ್ಪಾಗಿ ಉದುರಿತು. ಅಟ್ಟೆಗೆ ಬಡಿದ ಮೊಳೆಗಳು ಒಳಗೆ ಎದ್ದು ಅಂಗಾಲನ್ನು ಚುಚ್ಚಿದ್ದವು. ಸಂಜೆ ನಾನು ಹರಳೆಣ್ಣೆ ಹಚ್ಚುವಾಗ ಅವರು ಹಲ್ಲು ಕಚ್ಚಿ ಸೂರು ನೋಡುತ್ತಿದ್ದರು. "ಹೊರಗ ಹೇಳಬ್ಯಾಡ," ಎನ್ನುತ್ತಿದ್ದರು. "ಬೂಟು ಕಡಿತಾವ ಅಂದ್ರ ಹೆಂಗಸು ಅಂತಾರ."

ನಮ್ಮ ಬಾಗಿಲಿನ ಎದುರಿಗೇ ಗ್ಯಾಲರಿಯಲ್ಲಿ ಬೆಳಗಾವಿ ಕಡೆಯ ಸಿಂಪಿಗನೊಬ್ಬನ ಹೊಲಿಗೆ ಮಷೀನು ಇತ್ತು. ಅವನು ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡಿನಿಂದ ಯಜಮಾನರ ಗೋಲುಗಳನ್ನು ಗೋಡೆಯ ಮೇಲೆ ಗೀಟುಗೀಟಾಗಿ ಬರೆದಿಡುತ್ತಿದ್ದ. ನಾಕೌಟಿನ ಗೋಲಾದರೆ ಗೀಟಿಗೆ ತಲೆಯ ಮೇಲೊಂದು ಚುಕ್ಕೆ. ನಮ್ಮ ಮದುವೆಯ ದಿನ ಅವನು ಅಡ್ಡಕ್ಕೆ ಒಂದು ಗೆರೆ ಎಳೆದಿದ್ದ, ಪ್ರೀತಿಯಿಂದಲೇ. ಆ ಮಳೆಗಾಲ ಮುಗಿಯುವ ಹೊತ್ತಿಗೂ ಗೆರೆಯ ಮೇಲೆ ಗೋಡೆ ತುಂಬ ಹಳೆಯ ಗೀಟುಗಳು, ಕೆಳಗೆ ಬರೀ ಗೋಡೆ. ನಳಕ್ಕೆ ಹೋಗುವಾಗ ಬರುವಾಗ ನಾನು ಅದರ ಮುಂದೆಯೇ ಹಾಯಬೇಕು.

ಸಂಜೆ ಅಲ್ಲಿ ಕೂಡುತ್ತಿದ್ದವರಲ್ಲಿ ಬಹಳ ಮಾತಾಡುತ್ತಿದ್ದವನು ಪಕ್ಕದ ಖೋಲಿಯ ಕಾರಕೂನ. ಗಿರಣಿಯ ಆಫೀಸಿನಲ್ಲಿ ಕೆಲಸ, ಇಂಗ್ಲಿಷ್ ಪೇಪರು ಓದುವವ. ನಾನು ಒಳಗೆ ರೊಟ್ಟಿ ಬಡಿಯುತ್ತಿರುವಾಗ ಅವರ ಮಾತು ಒಂದೂ ತಪ್ಪದೆ ಕೇಳುತ್ತಿತ್ತು.

"ಲೀಗಿನ ಮಾತ ಬ್ಯಾರೆ ಮಾಮಾ," ಎಂದ ಕಾರಕೂನ ಒಂದು ದಿನ. "ಅಲ್ಲೆ ಇವತ್ತ ಸೋತ್ರ ನಾಳೆ ಗೆಲ್ಲಬಹುದು. ನಾಕೌಟಿನ್ಯಾಗ ಸೋತ್ರ ಗಂಟು ಕಟ್ಟೂದ. ಅಲ್ಲೆ ಹೊಡದಾವ್ನ ಖರೇ ಫಾರ್ವರ್ಡ್."

"ಹೋದ ವರ್ಷ ಹೊಡದಾನಲ್ರಿ. ಚುಕ್ಕಿ ನೋಡ್ರಿ ಎಷ್ಟ್ ಅದಾವ," ಎಂದ ಸಿಂಪಿಗ.

"ಹೋದ ವರ್ಷ ಉಂಡಿದ್ದು ಹೋದ ವರ್ಷಕ್ಕ ಆತು. ಈಗ ಫಾರ್ಮ್ ಎಲ್ಲೈತಿ?"

"ಲೆಫ್ಟ್ ಇನ್ ಆಡಾವ ಬಾಲ್ ಕೊಡವಲ್ಲ ಅವಗ."

"ಕೊಟ್ಟಾನ. ಕೀಪರ್ ನೆಲಕ್ಕ ಬಿದ್ದಿದ್ದ, ಗೋಲು ಬಾಯಿ ತಕ್ಕೊಂಡು ನಿಂತಿತ್ತು. ಇಂವ ಹೊಡದದ್ದು ಸೀದಾ ಟ್ರಾಮ್ ರಸ್ತೆಕ್ಕ ಹೋತು."

"ಬೂಟಿಂದ ಏನರ ತ್ರಾಸ ಇರಬೇಕು."

"ಬೂಟು ಎಲ್ಲಾರೂ ಹಾಕ್ಕೊಂಡಾರ. ಪೊಲೀಸ್ ಟೀಮಿನವ ಬೂಟ್ ಹಾಕ್ಕೊಂಡ ನಾಕು ಹೊಡದಾನ."

ಮಷೀನಿನ ಸದ್ದು ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಸಿಂಪಿಗ ದನಿ ಇಳಿಸಿ, "ಬಂದ ಹೆಣ್ಣಿನ ಕಾಲ್ಗುಣ ಅಂತ ಒಂದು ಇರ್ತೈತಿ. ನಾ ಹೇಳಬಾರದು," ಎಂದ. ಹೇಳಬಾರದೆಂದು ದಿನಾ ಹೇಳತೊಡಗಿದ.

ಗಂಡಸರು ಆಡಿದ್ದು ನಳದ ಹತ್ತಿರಕ್ಕೆ ಬರಲು ಬಹಳ ದಿನ ಬೇಕಾಗಲಿಲ್ಲ. ಮ್ಯಾಚಿನ ದಿನ ಹೆಂಗಸರು ನನ್ನ ಕೊಡವನ್ನು ಸಾಲಿನಲ್ಲಿ ಹಿಂದಕ್ಕೆ ಸರಿಸುತ್ತಿದ್ದರು, ತಮ್ಮ ಗಂಡಂದಿರು ಆಟ ನೋಡಲು ಹೊರಡುವಾಗ ನಾನು ಎದುರಾಗಬಾರದೆಂದು. ಸರಿಸುತ್ತಿದ್ದರೇ ಹೊರತು ಒದೆಯುತ್ತಿರಲಿಲ್ಲ. ಬನಶಂಕರಿಯ ದಯೆ. ಅತ್ತೆಯವರು ಮಾತ್ರ ಮಗ ಮೆಟ್ಟಿಲಿಳಿಯುವವರೆಗೆ ನನ್ನನ್ನು ಒಲೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕೂರಿಸುತ್ತಿದ್ದರು. "ಉಸರ ಸೈತ ಬಿಡಬ್ಯಾಡ," ಎನ್ನುತ್ತಿದ್ದರು. ಆ ಮೂಲೆಗೇ ದೇವಿಯ ಪಟವಿತ್ತು. ಕುಳಿತಲ್ಲಿಂದ ಕೈಮುಗಿಯಬಹುದಾಗಿತ್ತು. ಇದೂ ಒಂದು ದಯೆ ಎಂದೇ ನಾನು ತಿಳಿದೆ.

ದಸರಾ ಕಳೆದು ಕಪ್ಪಿನ ನಾಕೌಟ್ ಪಂದ್ಯಗಳು ಶುರುವಾದವು. ಮೊದಲ ಮ್ಯಾಚನ್ನು ಬೇರೆ ಯಾರೋ ಹೊಡೆದ ಗೋಲಿನಿಂದ ಗೆದ್ದರು. ಯಜಮಾನರ ಕಾಲು ಮನೆಗೆ ಬರುವಾಗ ನೆಲಕ್ಕೆ ಊರುತ್ತಿರಲಿಲ್ಲ.

ನನ್ನ ತವರು ಬದಾಮಿ ಕಡೆ. ಅಲ್ಲಿ ಹೊಸ ಮೆಟ್ಟು ಕಚ್ಚಿದರೆ ನೆನೆದ ಕಾಳನ್ನು ಅರಿವೆಯಲ್ಲಿ ಕಟ್ಟಿ ಒಳಗೆ ತುರುಕಿ ಇಡುತ್ತಾರೆ. ಕಾಳು ಉಬ್ಬಿದಂತೆ ತೊಗಲು ಹಿಗ್ಗಿ ಮೆತ್ತಗಾಗುತ್ತದೆ. ರೇಶನ್ನಿನ ಕಡಲೆಯಲ್ಲಿ ಹುಳ ಬಿದ್ದದ್ದನ್ನು ಆರಿಸಿ ಬೇರೆ ಇಟ್ಟಿದ್ದೆ. ಅನ್ನ ಹೋಗಿ ತೊಗಲಿಗೆ ತಾಗುತ್ತದೆಂದು ದೇವಿಗೆ ಮೊದಲು ಹೇಳಿ, ತಪ್ಪಾದರೆ ನನಗಿರಲಿ ಎಂದು ಬೇಡಿಕೊಂಡು, ಎದ್ದ ಮೊಳೆಗಳನ್ನು ಒರಳಿನ ಗುಂಡಿನಿಂದ ಬಡಿದು ಕೂರಿಸಿ, ಬೂಟಿಗೆ ಹರಳೆಣ್ಣೆ ತಿಕ್ಕಿ ಕಡಲೆ ತುಂಬಿಟ್ಟೆ.

ಬೆಳಿಗ್ಗೆ ಅದನ್ನು ಅತ್ತೆಯವರು ಕಂಡರು. ಗಂಟು ಬಿಚ್ಚಿ, ಉಬ್ಬಿದ ಕಾಳನ್ನು ಗ್ಯಾಲರಿಯ ನೆಲದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಸುರುವಿದರು.

"ನೋಡ್ರೆವ್ವಾ ನನ್ನ ಸೊಸಿ ಪೂಜಿ ಮಾಡಿದ್ದು. ಅನ್ನಾ ಒಯ್ದು ಕೆರದಾಗ ಇಟ್ಟಾಳ. ಹಿಂಗಿದ್ದ ಮ್ಯಾಲ ನನ್ನ ಮಗನ ಕಾಲಿಗೆ ಗೋಲ್ ಎಲ್ಲಿಂದ ಹತ್ತಬೇಕು?"

"ಬೂಟು ಸಡ್ಲ ಆಗ್ಲಿ ಅಂತ ಇಟ್ಟಿದ್ದೆರಿ ಅತ್ತಿ," ಎಂದೆ.

"ನೀ ಇಲ್ಲಿಂದ ಸಡ್ಲ ಆದ್ರ ಎಲ್ಲಾ ಸರಿ ಆಗ್ತೈತಿ."

ಅಂದು ನನ್ನ ವಿಚಾರಣೆ ನಮ್ಮ ಬಾಗಿಲಲ್ಲೇ ನಡೆಯಿತು. ಕಪ್ ಮುಗಿಯುವತನಕ ನನ್ನನ್ನು ಪಾರ್ಲೆಯಲ್ಲಿದ್ದ ನನ್ನ ಅಕ್ಕನ ಮನೆಗೆ ಕಳಿಸಬೇಕೆಂದು ಸಿಂಪಿಗ ಸೂಚಿಸಿದ. ಗೋಲು ಬಂದರೆ ಮುಂದೆ ಏನು ಮಾಡುವುದೆಂದು ಆಮೇಲೆ ನೋಡಿಕೊಳ್ಳೋಣ, ತವರು ಏನು ಓಡಿಹೋಗುತ್ತದೆಯೇ ಎಂದರು ಅತ್ತೆ. ಕಾರಕೂನ ಕನ್ನಡಕ ಒರೆಸಿಕೊಂಡ. "ಇದು ಮೂಢನಂಬಿಕಿ ಅಂತ ನಾನೂ ಬಲ್ಲೆ. ಆದ್ರ ಪ್ರಯೋಗ ಮಾಡಿ ನೋಡಾಕ ಏನ್ ಹೋತು?" ಎಂದ. ಕಲಿತವನ ಮಾತೆಂದು ಎಲ್ಲರೂ ತಲೆದೂಗಿದರು. ಯಜಮಾನರು ಒಳಗೆ ಕುಳಿತು ಬೂಟಿನಲ್ಲಿ ಕಾಲಿಟ್ಟು, ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದರು. ಅವರೇ ನನ್ನನ್ನು ಸ್ಟೇಶನ್ನಿಗೆ ಬಿಟ್ಟುಬಂದರು. ಹೋಗುವಾಗ ಅವರು ಕುಂಟುತ್ತಿರಲಿಲ್ಲ. ಅದನ್ನು ನಾನು ಗಮನಿಸಿದೆ.

ಅಕ್ಕನ ಮನೆ ಬಾವಿಯ ಸುತ್ತ ಕೆಲವು ಮನೆಗಳಿದ್ದ ಒಂದು ವಾಡಿಯಲ್ಲಿತ್ತು. ಭಾವನಿಗೆ ವಿಮಾನ ನಿಲ್ದಾಣದ ಕಡೆ ನೌಕರಿ. ಮ್ಯಾಚಿನ ಸುದ್ದಿಯನ್ನು ಅವರು ಲೋಕಲ್‌ನಲ್ಲಿ ಜನ ಆಡುವುದನ್ನು ಕೇಳಿಕೊಂಡು ಬರುತ್ತಿದ್ದರು. ಮೊದಲ ಸಂಜೆಯೇ ಬಂದವರು ಚಪ್ಪಲಿ ಬಿಡದೆ ಹೇಳಿದರು: "ಎರಡು ಹೊಡದಾನ ನಿನ್ನ ಗಂಡ. ಎರಡೂ ಅವನವ."

ಅಕ್ಕ ಸಕ್ಕರೆ ಡಬ್ಬಿ ಕೈಗೆತ್ತಿಕೊಂಡವಳು ಹಾಗೇ ನಿಂತಳು. "ಹಂಚಲೋ ಬ್ಯಾಡೋ ತಂಗಿ, ನೀನ ಹೇಳು," ಎಂದಳು.

ಹಂಚು ಎಂದೆ. ಗಂಡ ಗೋಲು ಹೊಡೆದದ್ದಕ್ಕೆ ಹೆಂಡತಿ ಬೇರೆ ಏನು ಹೇಳಬೇಕು? ನಾನು ಹಿಗ್ಗಿಸಿದ ಬೂಟಿನಿಂದ ಹೊಡೆದ ಆ ಗೋಲುಗಳು ನನ್ನನ್ನೇ ಮನೆಯಿಂದ ಒಂದೊಂದು ಹೆಜ್ಜೆ ದೂರ ತಳ್ಳುತ್ತಿವೆ ಎಂಬುದು ಆ ಸಕ್ಕರೆ ಬಾಯಲ್ಲಿರುವಾಗಲೇ ನನಗೆ ತಿಳಿಯಿತು.

ಸೆಮಿಫೈನಲ್‌ನಲ್ಲಿ ಇನ್ನೊಂದು ಬಂತು. ಮರುದಿನ ಅವರೇ ಪಾರ್ಲೆಗೆ ಬಂದರು. ಮುಖ ತಿಳಿಯಾಗಿತ್ತು, ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಹಿಮ್ಮಡಿಯ ಗಾಯ ಮಾಗಿತ್ತು. ಕರೆದುಕೊಂಡು ಹೋಗಲು ಬಂದಿದ್ದಾರೆಂದು ನಾನು ಒಳಗೆ ಗಂಟು ಕಟ್ಟಿಟ್ಟೇ ಹೊರಗೆ ಬಂದಿದ್ದೆ.

"ಬೂಟು ಈಗ ಕಡಿಯೂದಿಲ್ಲೇನ್ರಿ?"

"ಇಲ್ಲ. ಮೆತ್ತಗ ಆಗ್ಯಾವ."

"ಹೆಂಗ ಆದುವು?"

ಅವರು ಬಾವಿಯೊಳಗೆ ನೋಡಿದರು. "ನೀ ಕಡಲಿ ಇಟ್ಟಿದ್ದಕ್ಕ. ಖರೇ ಹೇಳಬೇಕಂದ್ರ ಅದಕ್ಕ."

"ಮತ್ತ ಚಾಳಿನ್ಯಾಗ ಅದನ್ನ ಹೇಳ್ರಿ."

"ಹೇಳಬಹುದು." ಮಾಗಿದ ಹಿಮ್ಮಡಿಯನ್ನು ಬೆರಳಿನಿಂದ ಸವರಿಕೊಂಡರು. "ಆದ್ರ ಒಂದ್ ವ್ಯಾಳ್ಯಾ ನೀ ಬಂದು, ಆಮ್ಯಾಲ ಗೋಲ್ ಬರಲಿಲ್ಲಂದ್ರ? ಲೀಗ್ ಆಗಿದ್ರ ಮಾತಿರಲಿಲ್ಲ. ಫೈನಲ್ ಐತಿ. ಇನ್ನೊಂದ ಮ್ಯಾಚ್ ಅಷ್ಟ ಇರು."

ಚಾಳಿನವರು ಅಂದದ್ದನ್ನು ನಾನು ಹೊಟ್ಟೆಗೆ ಹಾಕಿಕೊಂಡಿದ್ದೆ. ಇದನ್ನು ಹಾಕಿಕೊಳ್ಳಲು ಹೊಟ್ಟೆಯಲ್ಲಿ ಜಾಗ ಹುಡುಕಬೇಕಾಯಿತು. ಅಕ್ಕ ಅವರಿಗೆ ಅವಲಕ್ಕಿ ಕೊಟ್ಟಳು. ಚೆನ್ನಾಗಿ ತಿಂದರು. ಕೈಮಾಡಲಿಲ್ಲ, ಬೈಯಲಿಲ್ಲ, ಸುಳ್ಳೂ ಹೇಳಲಿಲ್ಲ. ಅಂಥ ಗಂಡ ಎಷ್ಟು ಜನಕ್ಕೆ ಇರುತ್ತಾನೆ ಎಂದು ಅಕ್ಕನೇ ಹೇಳಿದಳು. ನಾನು ಹೌದೆಂದೆ.

ಫೈನಲ್ಲಿನ ದಿನ ವಾಡಿಯ ಅರಳೀಮರದ ಕೆಳಗಿನ ಹಣಮಪ್ಪನ ಗುಡಿಗೆ ಹೋದೆ. ಎಣ್ಣೆ ಹಾಕಿ ನಿಂತೆ; ಬೇಡಲು ಬಾಯಿ ಬರಲಿಲ್ಲ. ಗೋಲು ಆಗಲೆಂದರೆ ನನ್ನನ್ನು ನಾನೇ ತವರಿಗೆ ಅಟ್ಟಿದಂತೆ. ಆಗದಿರಲೆಂದರೆ ಅವರನ್ನು ಹತ್ತಿಯ ಧೂಳಿಗೆ ನೂಕಿದಂತೆ. ಕಡೆಗೆ, ಅವರ ಕಾಲಿಗೆ ಏನೂ ಆಗದಿರಲಿ ಎಂದಷ್ಟೇ ಕೇಳಿ ಬಂದೆ. ಅದನ್ನು ಹಣಮಪ್ಪ ನಡೆಸಿಕೊಟ್ಟ. ಕಾಲಿಗೆ ಏನೂ ಆಗಲಿಲ್ಲ.

ಆದದ್ದು ಇಷ್ಟು. ಹೆಂಡತಿಯನ್ನು ದೂರವಿಟ್ಟದ್ದರಿಂದ ಗೋಲು ಬಂತೆಂಬ ಪ್ರಯೋಗದ ಸುದ್ದಿಯನ್ನು ಕಾರಕೂನ ಮತ್ತು ಸಿಂಪಿಗ ಸೇರಿ ಗಿರಣಿ ಗಿರಣಿಗೂ ಸಾರಿದ್ದರು. ಎದುರು ತಂಡದವರಿಗೂ ಅದು ಮುಟ್ಟಿತ್ತು. ಆಟ ಇನ್ನೇನು ಮುಗಿಯಬೇಕು, ನಮ್ಮವರು ಒಂದು ಗೋಲು ಹಿಂದೆ. ಚೆಂಡು ಯಜಮಾನರ ಕಾಲಿಗೆ ಬಂತು. ಮುಂದೆ ಕೀಪರ್ ಒಬ್ಬನೇ, ಅವನೂ ಜಾರಿ ಬಿದ್ದಿದ್ದ. ಗೋಲಿನ ಹಿಂದೆ ಕುಳಿತ ಎದುರಿನವರ ಗುಂಪಿನಲ್ಲಿ ಒಬ್ಬ ಕೂಗಿದ: "ಅರೇ, ತುಝೀ ಬಾಯ್ಕೋ ಆಲೀ ರೇ." ನಿನ್ನ ಹೆಂಡತಿ ಬಂದಿದ್ದಾಳೆ ಎಂದು.

ಯಜಮಾನರು ತಲೆಯೆತ್ತಿ ನೋಡಿದರು.

ಅಷ್ಟರಲ್ಲಿ ಎದುರು ತಂಡದ ಬ್ಯಾಕ್ ಆಡುವವನು ಬಂದು ಚೆಂಡನ್ನು ಕಸಿದುಕೊಂಡು ಹೋದ. ಇಡೀ ಮೈದಾನ ನಕ್ಕಿತು ಎಂದರು ಭಾವ. ಮರಳುವಾಗ ನಮ್ಮ ಚಾಳಿನವರೇ ಯಜಮಾನರ ಮೇಲೆ ಶೇಂಗಾ ಸಿಪ್ಪೆ ಎಸೆದರಂತೆ, ಕಲ್ಲಲ್ಲ, ಸಿಪ್ಪೆ.

ಆ ವಾರವೇ ಅವರನ್ನು ಹತ್ತಿ ಹಿಂಜುವ ಖಾತೆಗೆ ಹಾಕಿದರು. ಅದರ ಹಿಂದೆಯೇ ಅತ್ತೆ ನನಗೆ ಬರಹೇಳಿದರು. ನನ್ನ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ನಾನು ಮೆಟ್ಟಿಲು ಹತ್ತಿ ಬಂದಾಗ ಗ್ಯಾಲರಿಯಲ್ಲಿ ಎಲ್ಲರೂ ಕೂಡಿದ್ದರು. ಬೂಟಿನ ಮಾತನ್ನು ಈಗಲಾದರೂ ಯಾರಾದರೂ ಎತ್ತುತ್ತಾರೆಂದು ನನಗೆ ಆಸೆಯಿತ್ತು. ನಾನು ಪಾರ್ಲೆಯಲ್ಲಿದ್ದೂ ಫೈನಲ್ ಸೋತಿದ್ದರಲ್ಲ. ಆದರೆ ಅದಕ್ಕೆ ಅರ್ಥ ಆಗಲೇ ಹೊಂದಿಸಿಟ್ಟಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: "ಬರೇ ನಿನ್ನ ಹೆಸರು ಕೇಳಿದ್ರ ಸಾಕು, ನನ್ನ ಮಗನ ಕಾಲು ನಿಲ್ತಾವ. ಇನ್ನ ನಿನ್ನ ದೂರ ಇಟ್ಟು ಏನ್ ಫಾಯದೆ? ಒಳಗ ಬಾ, ರೊಟ್ಟಿ ಬಡಿ."

ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಏನೇ ಅಂದು ಕರೆದಿರಲಿ, ಕರೆದದ್ದು ಒಳಕ್ಕೆ.

ಮುಂದಿನ ಮಳೆಗಾಲದ ಹೊತ್ತಿಗೆ ಯಜಮಾನರಿಗೆ ಕೆಮ್ಮು ಅಂಟಿಕೊಂಡಿತ್ತು. ಬೂಟುಗಳನ್ನು ಗಿರಣಿಯವರು ವಾಪಸು ಕೇಳಿ ತೆಗೆದುಕೊಂಡು ಹೋದರು. ಸಂಜೆ ಅವರೂ ಈಗ ಗ್ಯಾಲರಿಯಲ್ಲಿ ಕಾರಕೂನನ ಪಕ್ಕದಲ್ಲಿ ಕೂರುತ್ತಿದ್ದರು. ಬೇರೆ ಎಲ್ಲಿಗೆ ಹೋಗಬೇಕು, ಆಟದ ಮಾತು ಬಿಟ್ಟರೆ ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ. ಗಿರಣಿಗೆ ಗೋವೆ ಕಡೆಯಿಂದ ಹೊಸ ಫಾರ್ವರ್ಡ್ ಬಂದಿದ್ದ. ಸಿಂಪಿಗ ಒದ್ದೆ ಅರಿವೆಯಿಂದ ಗೋಡೆ ಒರೆಸಿದ. ಯಜಮಾನರ ಗೀಟು, ಚುಕ್ಕೆ, ಗೆರೆ ಎಲ್ಲ ಒಂದೇ ಬಿಳಿ ಕಲೆಯಾಗಿ ಹರಡಿತು. ಅವರೇ ನೋಡುತ್ತಾ ಕುಳಿತಿದ್ದರು.

"ಎರಡೂ ಕಾಲಿಂದ ಹೊಡೀತಾನ ಹುಡುಗ," ಎಂದ ಕಾರಕೂನ. "ಲೀಗಿನ್ಯಾಗ ಫಾರ್ಮ್ ಭಾಳ ಚಲೋ ಐತಿ."

"ಲೀಗ್ ಬಿಡ್ರಿ, ನಾಕೌಟಿನ್ಯಾಗ ನೋಡೂಣ," ಎಂದ ಸಿಂಪಿಗ.

ಯಜಮಾನರು ಕೆಮ್ಮಿದರು, ಕೆಮ್ಮು ನಿಲ್ಲುವತನಕ ಕಾದು ಕೇಳಿದರು: "ಲಗ್ನ ಆಗೈತೇನು ಅವಗ?"

"ಇಲ್ಲ. ತುಳಸಿ ಲಗ್ನ ಮುಗಿದ ಮ್ಯಾಲ ಐತಂತ."

ನಾನು ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿದ್ದೆ. ಸಿಂಪಿಗ ಸುಣ್ಣದ ತುಂಡು ಹುಡುಕಿ ತೆಗೆದ, ಗೋಡೆಯನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿದ, ಅಡ್ಡಗೆರೆಗೆಂದು ಕೆಳಗೆ ಅರ್ಧ ಜಾಗ ಬಿಟ್ಟು ಮೇಲಿನಿಂದ ಬರೆಯಲು ಶುರುಮಾಡಿದ.